ಮೂಲಾ ನಕ್ಷತ್ರದ ಭಾನುವಾರಗಳು

ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿಕೊಂಡು, ಡಿಕ್ಕಿ ಬಾಗಿಲು ಎತ್ತಿಟ್ಟು, ಪೇಪರ್ ತಟ್ಟೆಯಲ್ಲಿ ಪುಳಿಯೋಗರೆ ಬಡಿಸಿಕೊಂಡು ತಿನ್ನುವ ಸಂಸಾರಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೋದ ವಾರ ಚಿಂತಾಮಣಿಗೆ ಮದುವೆಯೊಂದಕ್ಕೆ ಹೋಗುವಾಗ ಅಂಥದೇ ಒಂದು ಗುಂಪು ದಾರಿಯಲ್ಲಿ ಕಣ್ಣಿಗೆ ಬಿತ್ತು. ಹೊಸ ಚೂಡಿದಾರ್ ಹಾಕಿದ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕೂತಿದ್ದಳು. ಎದುರಿಗೆ ಇಸ್ತ್ರಿ ಶರಟಿನ ಹುಡುಗನೊಬ್ಬ ಹುಟ್ಟಿದಾಗಿನಿಂದ ನೀರೇ ಕಾಣದವನ ಹಾಗೆ ಕೆರೆ ನೋಡುತ್ತಿದ್ದ. ಹುಣಸೆ ಗೊಜ್ಜಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಇದು ಪಿಕ್‌ನಿಕ್ಕಲ್ಲ, ಹೆಣ್ಣು ನೋಡುವ ಶಾಸ್ತ್ರ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆರೆಗಳೆಲ್ಲ ತುಂಬಿ ಕೋಡಿ ಹರಿದ ಒಂದು ವರ್ಷ, ಮಳೆಗಾಲ ಮುಗಿಯುವ ತನಕ, ಇದೇ ನಾಟಕಕ್ಕೆ ಭಾನುವಾರ ಭಾನುವಾರವೂ ಕಾರು ಓಡಿಸಿದವಳು ನಾನು.

ನಮ್ಮದು ಚಿಕ್ಕಬಳ್ಳಾಪುರ. ಮೇಷ್ಟ್ರುಗಳು, ಗುಮಾಸ್ತರೇ ತುಂಬಿದ ಮನೆತನ. ನಾನು ಹೈಸ್ಕೂಲಿನಲ್ಲಿ ಹಿಂದಿ ಹೇಳಿಕೊಟ್ಟು ನಿವೃತ್ತಳಾದವಳು. ನನ್ನ ಅಕ್ಕ ವಿಶಾಲಾಕ್ಷಿ ಎರಡು ಬೀದಿ ಆಚೆ ಇದ್ದಾಳೆ. ಭಾವ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ರಿಟೈರಾದ ಮೇಲೂ ಮನೆಯವರೆಲ್ಲ ಅರ್ಜಿ ಹಿಡಿದು ನಿಂತವರು ಎಂಬಂತೆಯೇ ಮಾತಾಡುತ್ತಾರೆ. ಅವರ ಒಬ್ಬಳೇ ಮಗಳು ಸವಿತ, ಊರಿನದೇ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಸೂಜಿ ಚುಚ್ಚಿದ್ದೇ ಗೊತ್ತಾಗದ ಹಾಗೆ ರಕ್ತ ತೆಗೆಯುತ್ತಾಳೆ ಅಂತ ಅವಳನ್ನೇ ಹುಡುಕಿಕೊಂಡು ಜನ ಬರುತ್ತಿದ್ದರು. ಆ ವರ್ಷ ಅವಳಿಗೆ ಮೂವತ್ತು ದಾಟಿತ್ತು. ಅಕ್ಕನಿಗೆ ನಿದ್ದೆ ಹೋಗಿತ್ತು.

ಹುಡುಗಿಯಲ್ಲಿ ಏನೂ ಕುಂದಿರಲಿಲ್ಲ. ಕುಂದಿದ್ದದ್ದು ಮೇಲೆ, ಆಕಾಶದಲ್ಲಿ. ಸವಿತಳದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲವಂತೆ. ಯಾವ ಪುಣ್ಯಾತ್ಮ ಕಟ್ಟಿದ ಕಥೆಯೋ, ಓದಿದವರು ಓದದವರು ಎಲ್ಲರೂ ಅದನ್ನು ಒಂದೇ ಭಕ್ತಿಯಿಂದ ನಂಬುತ್ತಾರೆ. ಹಾಗಾಗಿ ನಮ್ಮವರು ಕಂಡುಕೊಂಡ ಉಪಾಯ ಏನಪ್ಪ ಅಂದರೆ, ಅಪ್ಪ ಇಲ್ಲದ ಹುಡುಗನನ್ನು ಹುಡುಕುವುದು. ಮಾವನೇ ಇಲ್ಲದಿದ್ದರೆ ನಕ್ಷತ್ರ ತಾನೇ ಯಾರಿಗೆ ಏನು ಮಾಡೀತು. ಭಾವ ಬೆಳಿಗ್ಗೆ ಕಾಫಿ ಕುಡಿಯುತ್ತ ಪೇಪರಿನ ಶ್ರದ್ಧಾಂಜಲಿ ಪುಟ ಬಿಡಿಸಿಕೊಂಡು ಕೂರುತ್ತಿದ್ದರು. ಸತ್ತವರ ಫೋಟೊ ನೋಡಿ, ಕೆಳಗೆ ದುಃಖತಪ್ತರ ಹೆಸರುಗಳಲ್ಲಿ ಗಂಡುಮಕ್ಕಳೆಷ್ಟು, ಸೊಸೆಯಂದಿರೆಷ್ಟು ಅಂತ ತಾಳೆ ಹಾಕುತ್ತಿದ್ದರು. ಗಂಡುಮಕ್ಕಳಿಗಿಂತ ಸೊಸೆಯಂದಿರು ಕಡಿಮೆ ಇದ್ದರೆ ಅವರ ಮುಖ ಅರಳುತ್ತಿತ್ತು. ಪಾಪ ಯಾರದೋ ಮನೆಯಲ್ಲಿ ಇನ್ನೂ ತಿಥಿ ಅಡುಗೆ ಆಗಿಲ್ಲ, ಇವರು ಇಲ್ಲಿ ಆ ಮನೆಗೆ ಹೆಣ್ಣು ಕೊಡುವ ಲೆಕ್ಕಾಚಾರದಲ್ಲಿದ್ದರು. ನಾನು ಛೀ ಅಂದರೆ, ನಿನಗೆ ಹೆಣ್ಣುಮಕ್ಕಳಿಲ್ಲ, ನಿನಗೇನು ಗೊತ್ತು ಅಂತ ಅಕ್ಕ ಬಾಯಿ ಮುಚ್ಚಿಸುತ್ತಿದ್ದಳು.

ಚಿಂತಾಮಣಿಯ ಶೇಷಣ್ಣ ಎಂಬ ಮದುವೆ ದಲ್ಲಾಳಿ ಸಿಕ್ಕಿದ್ದು ಆಗಲೇ. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಮನುಷ್ಯ. ಹೆಣ್ಣು ನೋಡುವುದಕ್ಕೆ ಮನೆಗೆ ಜನ ಬಂದು ಬಂದು ಹೋದರೆ ಅಕ್ಕಪಕ್ಕದವರ ಬಾಯಿಗೆ ಬೀಳುತ್ತೀರಿ, ಫೋಟೊ ಕಳಿಸಿದರೆ ಅದು ಫೋನಿನಿಂದ ಫೋನಿಗೆ ಊರೂರು ಸುತ್ತುತ್ತದೆ, ಎರಡೂ ಬೇಡ ಅಂದ. ಕೆರೆ ಹತ್ತಿರವೋ ಪಾರ್ಕಿನಲ್ಲೋ ಎರಡು ಸಂಸಾರಗಳು ಅಕಸ್ಮಾತ್ತಾಗಿ ಸಿಕ್ಕ ಹಾಗೆ ಸಿಗಬೇಕು. ಯಾತಕ್ಕೆ ಬಂದಿದ್ದೀವಿ ಅಂತ ಯಾರೂ ಬಾಯಿ ಬಿಡಬಾರದು. ಒಪ್ಪಿಗೆಯಾದರೆ ತಾನು ಮಾತು ಮುಂದುವರಿಸುತ್ತಾನೆ, ಇಲ್ಲದಿದ್ದರೆ ಯಾರೂ ಯಾರನ್ನೂ ಬೇಡ ಅಂದ ಹಾಗೆ ಆಗುವುದಿಲ್ಲ. ನಮ್ಮ ಭಾವನಿಗೆ ಇದು ಬಹಳ ಹಿಡಿಸಿತು. ಮರ್ಯಾದೆ ಉಳಿಯುತ್ತೆ ನೋಡು ಅಂದರು. ಯಾರ ಮರ್ಯಾದೆ ಅಂತ ನಾನು ಕೇಳಲಿಲ್ಲ. ಮನೆಯಲ್ಲಿ ಕಾರು ಓಡಿಸುವವಳು ನಾನೊಬ್ಬಳೇ ಆದ್ದರಿಂದ ಅವರ ಮರ್ಯಾದೆಯನ್ನು ಊರೂರು ಹೊತ್ತು ತಿರುಗುವ ಕೆಲಸ ನನಗೆ ಬಂತು. ನಾನು ಒಪ್ಪಿದ್ದು ಸವಿತಳಿಗೋಸ್ಕರ. ನೀನಾದ್ರೂ ಜೊತೇಲಿರು ಚಿಕ್ಕಮ್ಮ, ಒಬ್ಬಳೇ ಆದ್ರೆ ನಂಗೆ ಕೈಕಾಲು ನಡುಗುತ್ತೆ ಅಂದಿದ್ದಳು. ರಕ್ತ ನೋಡಿ ಹೆದರದ ಹುಡುಗಿಗೆ ಈ ಜನರನ್ನು ನೋಡಿದರೆ ನಾಲಗೆ ಒಣಗುತ್ತಿತ್ತು.

ಆ ವರ್ಷ ಮಳೆ ಅಂದರೆ ಮಳೆ. ಜಾಲಿ ಗಿಡ ಬೆಳೆದು, ಹುಡುಗರು ಕ್ರಿಕೆಟ್ ಆಡುತ್ತಿದ್ದ ಕೆರೆಗಳಲ್ಲೆಲ್ಲ ನೀರು ನಿಂತಿತ್ತು. ಇದು ಕೆರೆ ಅಂತಲೇ ಗೊತ್ತಿಲ್ಲದ ಜಾಗಗಳಲ್ಲಿ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಕೆರೆ. ಜನಕ್ಕೆ ಹುಚ್ಚು ಹಿಡಿದಿತ್ತು. ಕೋಡಿ ಬಿದ್ದ ಕಡೆಯೆಲ್ಲ ಹೆಂಗಸರು ಅರಿಶಿನ ಕುಂಕುಮ ಬಿಡುವುದು, ಹುಡುಗರು ಸೆಲ್ಫಿ ತೆಗೆದುಕೊಳ್ಳುವುದು, ಮೆಣಸಿನಕಾಯಿ ಬಜ್ಜಿ ಗಾಡಿ, ಜೋಳ ಸುಡುವವರು. ಶೇಷಣ್ಣನ ಅಕಸ್ಮಾತ್ತಿಗೆ ಇದಕ್ಕಿಂತ ಒಳ್ಳೆಯ ಕಾಲ ಬರುವುದಿರಲಿಲ್ಲ. ಎಲ್ಲರೂ ಕೆರೆ ನೋಡುವುದಕ್ಕೇ ಬಂದವರು, ಯಾರ ಮೇಲೆ ಯಾರಿಗೆ ಅನುಮಾನ.

ಮೊದಲ ಭಾನುವಾರ ಗೌರಿಬಿದನೂರು. ದಾರಿಯುದ್ದಕ್ಕೂ ಭಾವ, ನಾವು ಸುಮ್ನೆ ವಾಕಿಂಗ್ ಬಂದಿದ್ದೀವಿ ಅನ್ನೋ ಥರ ಇರಬೇಕು ಅಂತ ಪಾಠ ಹೇಳಿಕೊಟ್ಟರು. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಯಾರಾದರೂ ವಾಕಿಂಗ್ ಬರುತ್ತಾರಾ. ಒಂದು ಪಾರ್ಕಿನಲ್ಲಿ ಸಿಮೆಂಟಿನ ಜಿಂಕೆಯ ಪಕ್ಕದಲ್ಲಿ ಹುಡುಗ, ಅವನ ತಾಯಿ ನಿಂತಿದ್ದರು. ಆ ತಾಯಿ ಸವಿತಳಿಗೆ, ಅಲ್ಲಿ ಕಾರಂಜಿ ಇದ್ಯಂತೆ, ಹೋಗಿ ನೋಡ್ಕೊಂಡು ಬಾಮ್ಮ ಅಂದರು. ಕಾರಂಜಿಯಲ್ಲಿ ನೀರೇ ಇರಲಿಲ್ಲ. ನಡಿಗೆ ನೋಡುವುದಕ್ಕೆ ಕಳಿಸಿದ್ದು ಅಂತ ಸವಿತಳಿಗೂ ಗೊತ್ತು, ನನಗೂ ಗೊತ್ತು. ಹೋದಳು, ಬಂದಳು. ಬುಧವಾರ ಶೇಷಣ್ಣ ಫೋನು ಮಾಡಿ, ಹುಡುಗಿ ಸ್ವಲ್ಪ ಉದ್ದ ಆಯ್ತಂತೆ ಅಂದ. ಸಂತೆಯಲ್ಲಿ ಹಸುವಿಗೆ ಹಲ್ಲಾದರೂ ನೋಡುತ್ತಾರೆ, ಇವರು ಅಷ್ಟು ಹತ್ತಿರವೂ ಬರಲಿಲ್ಲ.

ಆಮೇಲೆ ತೊಂಡೇಬಾವಿ. ಅಲ್ಲಿ ಹುಡುಗ ಬಂದ, ಕೆರೆಯನ್ನು ಎಲ್ಲ ದಿಕ್ಕಿನಿಂದ ವಿಡಿಯೊ ಮಾಡಿಕೊಂಡ, ಸವಿತಳ ಕಡೆಗೆ ಒಂದು ಸಲವೂ ತಿರುಗಲಿಲ್ಲ. ಅವನ ಅಜ್ಜಿ ಮಾತ್ರ ಸವಿತಳ ಜಡೆಯನ್ನು ಹಿಂದಿನಿಂದ ಹಿಡಿದು ಎಳೆದು, ನಿಜವಾದ ಕೂದಲೇ ಅಂತ ಸರ್ಟಿಫಿಕೇಟು ಕೊಟ್ಟಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರದ ಮನೆ. ಕೆರೆ ಕಟ್ಟೆಯ ಮೇಲೆ ಜಮಖಾನ ಹಾಸಿ ಕೂತೇ ಇದ್ದರು. ಎಲ್ಲ ಚೆನ್ನಾಗಿತ್ತು, ಅಕ್ಕ ಒಳಗೊಳಗೇ ಚಪ್ಪರ ಹಾಕಿಯೂ ಆಗಿತ್ತು. ಅಷ್ಟರಲ್ಲಿ ಹುಡುಗನ ತಾಯಿ, ದಿನಾ ಕಂಡೋರ ರಕ್ತ ಮುಟ್ಟೋ ಕೆಲಸ ಅಲ್ವಾ ಅಂತ ಮೂಗು ಮುರಿದರು. ಇವರ ಮನೆಯಲ್ಲಿ ಬಿಸಿನೀರಿಗೆ ಗೂಡು ಹಾಕಿ, ಒಳಗಿನ ಹುಳುವನ್ನು ಬೇಯಿಸಿಯೇ ನೂಲು ತೆಗೆಯುವುದು. ಅದು ಮಡಿ, ರಕ್ತ ಮೈಲಿಗೆ. ನಾನು ಬಾಯಿ ತೆರೆದೆ, ಅಕ್ಕ ನನ್ನ ಸೊಂಟಕ್ಕೆ ಚಿವುಟಿದಳು.

ಪ್ರತಿಸಲವೂ ವಾಪಸು ಬರುವಾಗ ಸವಿತ ಕಿಟಕಿಗೆ ತಲೆ ಆನಿಸಿ ಕೂರುತ್ತಿದ್ದಳು. ಒಂದು ಸಲ ಪೆಟ್ರೋಲ್ ಹಾಕಿಸುವಾಗ ನಾವಿಬ್ಬರೇ ಇದ್ದೆವು. ನಕ್ಷತ್ರ ಯಾವ್ದು ಅಂತ ಗೊತ್ತಾದ್ಮೇಲೂ ನನ್ನ ಮನುಷ್ಯಳು ಅಂತ ನೋಡೋರು ಒಬ್ರು ಸಿಕ್ರೆ ಸಾಕು ಚಿಕ್ಕಮ್ಮ, ಆಮೇಲೆ ಮದುವೆ ಆಗದಿದ್ರೂ ಪರವಾಗಿಲ್ಲ ಅಂದಳು. ಅಂಥವರು ಈ ದೇಶದಲ್ಲಿ ಬಹಳ ಜನ ಇದ್ದಾರೆ ಅಂತ ಹೇಳಿದೆ. ನನಗೇ ನಂಬಿಕೆ ಇರಲಿಲ್ಲ.

ದಸರಾ ಮುಗಿದ ಮೇಲಿನ ಭಾನುವಾರ ಚಿಂತಾಮಣಿ. ಕನ್ನಂಪಲ್ಲಿ ಕೆರೆ ಕೋಡಿ ಹೋಗುತ್ತಿತ್ತು, ಅರ್ಧ ತಾಲ್ಲೂಕು ಅಲ್ಲೇ ಇತ್ತು. ಬಿಳಿ ಕಾರಿನಲ್ಲಿ ಬರುತ್ತಾರೆ, ತಾಯಿ, ಮಗ, ಜೊತೆಗೆ ಸೋದರಮಾವ, ಏರಿ ಮೇಲಿನ ಮರದ ಹತ್ತಿರ ಇರುತ್ತಾರೆ, ಇಷ್ಟೇ ಶೇಷಣ್ಣ ಹೇಳಿದ ಗುರುತು. ಏರಿಯ ತುಂಬ ಬಿಳಿ ಕಾರುಗಳೇ, ಮರಗಳೂ ಸಾಲಾಗಿವೆ. ನೋಡಿದರೆ ಒಂದು ಮರದ ಕೆಳಗೆ ಒಬ್ಬ ತಾಯಿ, ಒಬ್ಬ ಮಗ, ಬಿಳಿ ಮೀಸೆಯ ಒಬ್ಬ ಹಿರಿಯರು, ಯಾರನ್ನೋ ಕಾಯುವವರ ಹಾಗೆ ದಾರಿ ನೋಡುತ್ತ ನಿಂತಿದ್ದಾರೆ. ಭಾವ ಮುಗುಳ್ನಕ್ಕರು. ಅವರೂ ಮುಗುಳ್ನಕ್ಕರು. ಕೆರೆ ನೋಡಕ್ಕೆ ಬಂದ್ರಾ ಅಂತ ಭಾವ ಕೇಳಿದರು. ಹೂಂ, ಸುಮ್ನೆ ಕೆರೆ ನೋಡಣ ಅಂತ, ನೀವೂ ಅದಕ್ಕೇನಾ ಅಂತ ಹಿರಿಯರು ಕೇಳಿದರು. ಇಬ್ಬರೂ ಅರ್ಥಗರ್ಭಿತವಾಗಿ ತಲೆಯಾಡಿಸಿದರು. ಆಯಿತು, ಇವರೇ ಅವರು.

ಹಿರಿಯರು ಕೆಂಚಾರ್ಲಹಳ್ಳಿಯವರು. ಸುಬ್ಬರಾಯಪ್ಪ ಅಂತ ಹೆಸರು, ರಿಟೈರಾದ ಹೆಡ್‌ಮೇಷ್ಟ್ರು, ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದವರು. ನಿಜ ಹೇಳಬೇಕೆಂದರೆ ಆ ಮಳೆಗಾಲದಲ್ಲಿ ಕಂಡ ಜನರಲ್ಲಿ ನನಗೆ ಹಿಡಿಸಿದ್ದು ಅವರೊಬ್ಬರೇ. ಬಂದವರೇ ಸವಿತಳನ್ನು, ಏಮಮ್ಮಾ, ಏನ್ ಕೆಲಸ ಮಾಡ್ತೀಯ ಅಂತ ನೇರವಾಗಿ ಮಾತಾಡಿಸಿದರು. ಲ್ಯಾಬು ಅಂತ ಕೇಳಿದ ಕೂಡಲೇ ಅವರಿಗೆ ಖುಷಿಯೋ ಖುಷಿ. ತಮಗೂ ಸಕ್ಕರೆ ಕಾಯಿಲೆ, ತೋರಿಸುವುದು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರವೇ ಅಂದರು. ಖಾಲಿ ಹೊಟ್ಟೆ ಅಂದರೆ ನೀರೂ ಕುಡಿಯಬಾರದಾ, ರಾಗಿಮುದ್ದೆ ಎಷ್ಟು ತಿನ್ನಬಹುದು, ಬೆರಳಿಗೆ ಚುಚ್ಚಿ ನೋಡುವ ಮಿಷನ್ನು ಸುಳ್ಳು ಹೇಳುತ್ತದಾ, ಒಂದಾದ ಮೇಲೊಂದು ಕೇಳಿದರು. ಸವಿತ ಕಲ್ಲಿನ ಮೇಲೆ ಕೂತು ಎಲ್ಲಕ್ಕೂ ಬಿಡಿಸಿ ಬಿಡಿಸಿ ಉತ್ತರ ಹೇಳಿದಳು. ಅವಳು ಅಷ್ಟು ಮಾತಾಡಿದ್ದನ್ನು, ನಕ್ಕದ್ದನ್ನು ನಾನು ಆ ವರ್ಷದಲ್ಲೇ ನೋಡಿರಲಿಲ್ಲ. ಹುಡುಗನೂ ಪಕ್ಕದಲ್ಲಿ ಕೂತು ಫೋನು ಜೇಬಿನಲ್ಲಿಟ್ಟು ಕೇಳುತ್ತಿದ್ದ. ಇಂಥ ಹುಡುಗಿ ಮನೇಲಿದ್ರೆ ಡಾಕ್ಟ್ರೇ ಬೇಕಾಗಿಲ್ಲ ಬಿಡು ಅಂತ ಮೇಷ್ಟ್ರು ಹೆಂಡತಿಗೆ ಹೇಳಿ, ಅಕ್ಕ ಕಟ್ಟಿಕೊಂಡು ತಂದಿದ್ದ ಪುಳಿಯೋಗರೆಯನ್ನು ಸವಿತಳ ಕೈಯಿಂದ ಇನ್ನೊಂದು ಸೌಟು ಹಾಕಿಸಿಕೊಂಡರು.

ಹೆಂಡತಿಗೆ ಅಂದೆ. ಆದರೆ ಆಗ ನಮಗೆ ಅವರು ಹೆಂಡತಿ ಅಂತ ಗೊತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಮೇಷ್ಟ್ರು ಆಕೆಯ ಅಣ್ಣ, ಹುಡುಗನ ಸೋದರಮಾವ. ಆಕೆ ಚಳಿಗೆ ಕುತ್ತಿಗೆ ತನಕ ಸ್ವೆಟರ್ ಹಾಕಿಕೊಂಡಿದ್ದರು, ತಾಳಿ ಕಾಣುತ್ತಿರಲಿಲ್ಲ. ಹಣೆಯಲ್ಲಿ ಕುಂಕುಮ ಇತ್ತು, ಈಗಿನ ಕಾಲದಲ್ಲಿ ಎಲ್ಲರೂ ಇಟ್ಕೋತಾರೆ, ಒಳ್ಳೇದೇ ಅಂತ ಅಕ್ಕ ನನ್ನ ಕಿವಿಯಲ್ಲಿ ಉದಾರವಾಗಿ ಹೇಳಿದ್ದಳು. ಊಟ ಮುಗಿಯುತ್ತ ಬಂದಾಗ ಅಕ್ಕನಿಗೆ ಕರುಣೆ ಉಕ್ಕಿತು. ಆಕೆಯ ಕೈ ಹಿಡಿದುಕೊಂಡು, ಪಾಪ, ಯಜಮಾನ್ರು ಹೋಗಿ ಎಷ್ಟು ವರ್ಷ ಆಯ್ತು ಅಂತ ಕೇಳಿಯೇಬಿಟ್ಟಳು.

ಆಕೆ ಪಕ್ಕದಲ್ಲಿ ತಿನ್ನುತ್ತಿದ್ದ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ತುತ್ತು ಕೈಯಲ್ಲೇ ಹಿಡಿದು, "ಎಲ್ಲಿಗೆ ಹೋಗಿದ್ನಮ್ಮ ನಾನು, ಇಲ್ಲೇ ಇದ್ದೀನಲ್ಲ" ಅಂದರು.

ಇಷ್ಟಕ್ಕೇ ನಕ್ಕು ಮುಗಿಯಬೇಕಿತ್ತು. ಅವರು ಬೇರೆ ಯಾವುದೋ ಹುಡುಗಿಯನ್ನು ನೋಡಲು ಬಂದವರು, ನಾವು ಬೇರೆ ಯಾರನ್ನೋ ಕಾಯುತ್ತಿದ್ದವರು, ಯಾತಕ್ಕೆ ಬಂದಿದ್ದೀವಿ ಅಂತ ಹೇಳಬಾರದೆಂಬ ಮರ್ಯಾದೆಯಿಂದ ಒಂದು ಡಬ್ಬಿ ಪುಳಿಯೋಗರೆ ಮುಗಿಸಿದ್ದೆವು, ಅಷ್ಟೇ. ಮೇಷ್ಟ್ರು ನಗುವುದಕ್ಕೆ ಶುರು ಮಾಡಿಯೂ ಇದ್ದರು. ಪರವಾಗಿಲ್ಲ ಬಿಡಿ, ತಪ್ಪಿ ಸಿಕ್ಕಿದ್ರೂ ಒಳ್ಳೆ ಹುಡುಗೀನೇ ಸಿಕ್ಕಿದಾಳೆ ಅಂತ ಮಗನ ಕಡೆ ನೋಡಿದರು. ಮಗ ಬೇಡ ಅನ್ನಲಿಲ್ಲ. ಆದರೆ ನಮ್ಮಕ್ಕ ಕೂತಲ್ಲಿಂದ ಎದ್ದು ನಿಂತು, "ಅಯ್ಯೋ ನೀವು ಬದುಕಿದ್ದೀರಾ, ಆಗಲ್ಲ, ನಮ್ಮುಡುಗೀದು ಮೂಲಾ ನಕ್ಷತ್ರ" ಅಂದುಬಿಟ್ಟಳು.

ಮೇಷ್ಟ್ರ ನಗು ಅಲ್ಲಿಗೇ ನಿಂತಿತು. ಅವರು ತಟ್ಟೆಯನ್ನು ನಿಧಾನವಾಗಿ ನೆಲದ ಮೇಲಿಟ್ಟರು. ಸವಿತ ಬಡಿಸಿದ ಅನ್ನ ಇನ್ನೂ ಅರ್ಧ ಇತ್ತು. ಬಾಯಲ್ಲಿದ್ದದ್ದನ್ನು ನುಂಗಬೇಕೋ ಬೇಡವೋ ಅಂತ ಒಂದು ಕ್ಷಣ ಯೋಚನೆ ಮಾಡಿದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ಆಮೇಲೆ ಎದ್ದು, ಪಂಚೆ ಕೊಡವಿ, ಸವಿತಳಿಂದ ದೂರಕ್ಕೆ ನಡೆದು ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡರು. ಹೆಂಡತಿ ಹಿಂದೆ ಓಡಿದರು. ಮಗ ನಮ್ಮ ಕಡೆ ನೋಡಿ ಏನೋ ಹೇಳುವುದಕ್ಕೆ ಬಾಯಿ ತೆರೆದ, ಕಾರಿನೊಳಗಿಂದ ಮೇಷ್ಟ್ರು ಹಾರ್ನ್ ಬಡಿದರು, ಓಡಿದ. ವಿಜ್ಞಾನದ ಮೇಷ್ಟ್ರು ಅಂತೆ. ಗ್ರಹಣ ಹೇಗೆ ಆಗುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟು ಮಕ್ಕಳಿಗೆ ಹೇಳಿದ್ದರೋ. ನನಗೆ ಬಂದ ಅಸಹ್ಯ ಅಷ್ಟಿಷ್ಟಲ್ಲ. ಮಿಕ್ಕವರ ಹತ್ತಿರ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ, ಇವರ ಹತ್ತಿರ ನಿರೀಕ್ಷಿಸಿದ್ದೆ.

ನಾವು ನಿಜವಾಗಿ ನೋಡಬೇಕಾಗಿದ್ದ ಸಂಸಾರ ಏರಿಯ ಆ ತುದಿಯಲ್ಲಿ ಕಾದು ಕಾದು ಸಿಟ್ಟು ಮಾಡಿಕೊಂಡು ಹೋಗಿತ್ತಂತೆ. ಶೇಷಣ್ಣ ಫೋನಿನಲ್ಲಿ ಭಾವನನ್ನು ಬೈದ, ಭಾವ ಅಕ್ಕನನ್ನು ಬೈದರು, ಅಕ್ಕ ಅತ್ತಳು. ಸವಿತ ಮೇಷ್ಟ್ರು ಬಿಟ್ಟುಹೋದ ತಟ್ಟೆ ಎತ್ತಿ ಕಸದ ಚೀಲಕ್ಕೆ ಹಾಕಿದಳು. ದಾರಿಯಲ್ಲಿ ಶಿಡ್ಲಘಟ್ಟ ದಾಟಿದ ಮೇಲೆ ಒಂದೇ ಒಂದು ಮಾತಾಡಿದಳು. "ನಾನು ಬಡಿಸಿದ್ದು ವಿಷ ಅನ್ನೋ ಥರ ಇಟ್ಬಿಟ್ರು ಅಲ್ವಾ ಚಿಕ್ಕಮ್ಮ" ಅಂದಳು. ನಾನು ದಾರಿ ನೋಡಿಕೊಂಡು ಗಾಡಿ ಓಡಿಸಿದೆ.

ಅಷ್ಟಾದರೂ ಇದು ನಿಂತಿತು ಅಂದುಕೊಂಡಿರಾ. ಅಕ್ಕ ಮತ್ತೆ ಗೊಜ್ಜು ಕುದಿಸಿದಳು, ಭಾವ ಮತ್ತೆ ಪೇಪರ್ ಬಿಡಿಸಿದರು. ಮುಂದಿನ ಭಾನುವಾರ ಮುರುಗಮಲ್ಲದ ಕಡೆ ಹೋಗಬೇಕು ಅಂತ ಶೇಷಣ್ಣ ಹೇಳಿಕಳಿಸಿದ. ಸವಿತ ಸರಿ ಅಂದಳು. ಮುಖ ಬಾಡಿತ್ತು, ಮೈಯಲ್ಲಿ ಜೀವವಿಲ್ಲದವಳ ಹಾಗೆ ಓಡಾಡುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಆ ವಾರ ನಾನು ಥೈರಾಯ್ಡ್ ಪರೀಕ್ಷೆಗೆ ಬೆಳಿಗ್ಗೆಯೇ ಅವಳ ಲ್ಯಾಬಿಗೆ ಹೋಗಿದ್ದೆ. ಕೂತಿರುವಾಗ ಬಾಗಿಲು ತಳ್ಳಿಕೊಂಡು ಬಂದವರು ಯಾರು ಅಂದರೆ ಸುಬ್ಬರಾಯಪ್ಪ ಮೇಷ್ಟ್ರು ಮತ್ತು ಅವರ ಹೆಂಡತಿ. ಡಾಕ್ಟರು ಚೀಟಿ ಬರೆದು ಕಳಿಸಿದ್ದರು, ಖಾಲಿ ಹೊಟ್ಟೆಯ ಸಕ್ಕರೆ ನೋಡಬೇಕಿತ್ತು. ಒಳಗಿನಿಂದ ಸವಿತ ಕೈಗವಸು ಹಾಕಿಕೊಂಡು ಬಂದು ಅವರ ಹೆಸರು ಕೂಗಿದಳು. ಮೇಷ್ಟ್ರು ಎದ್ದವರು ಹಾಗೇ ನಿಂತರು. ಸವಿತಳೂ ಗುರುತು ಹಿಡಿದಳು, ಅವಳ ಕತ್ತು ಕೆಂಪಗಾಯಿತು. ಕುರ್ಚಿ ತೋರಿಸಿ, ಕೂತ್ಕೊಳಿ ಸಾರ್ ಅಂದಳು.

ಮೇಷ್ಟ್ರು ಕೂರಲಿಲ್ಲ. ಅವರ ಹೆಂಡತಿ ನಡುವೆ ಬಂದು, ಬೇರೆ ಯಾರೂ ಇಲ್ವಾಮ್ಮ ಅಂತ ಕೇಳಿದರು. ಇನ್ನೊಬ್ಬರು ಮಧ್ಯಾಹ್ನದ ಹೊತ್ತಿಗೆ ಬರುತ್ತಾರೆ, ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಬೇಡಿ, ನಿಮಗೆ ಒಳ್ಳೇದಲ್ಲ ಅಂತ ಸವಿತ ಹೇಳಿದಳು. ಕಾಯ್ತೀವಿ ಅಂದರು ಮೇಷ್ಟ್ರು.

ಕಾದರು. ನಾನು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಇದನ್ನು ಪೂರ್ತಿ ನೋಡಲೇಬೇಕು ಅನಿಸಿತು. ಸಕ್ಕರೆ ಕಾಯಿಲೆಯ ಮನುಷ್ಯ, ರಾತ್ರಿಯಿಂದ ಹೊಟ್ಟೆಗೇನೂ ಇಲ್ಲ, ಮೂಲೆಯ ಬೆಂಚಿನ ಮೇಲೆ ಗೋಡೆಗೆ ಅಂಟಿಕೊಂಡು ಕೂತರು. ಸವಿತ ಕೈಯಲ್ಲಿ ಟ್ಯೂಬುಗಳನ್ನು ಹಿಡಿದು ಆ ಕಡೆ ಈ ಕಡೆ ಓಡಾಡುವಾಗಲೆಲ್ಲ ಕಾಲು ಒಳಕ್ಕೆ ಎಳೆದುಕೊಳ್ಳುತ್ತಿದ್ದರು, ಅವಳ ನೆರಳು ತಾಗಬಾರದು ಅಂತ. ಹಣೆಯಲ್ಲಿ ಬೆವರು ಬಂತು, ಕೈ ನಡುಗುವುದಕ್ಕೆ ಶುರುವಾಯಿತು. ಹೆಂಡತಿ ಸೆರಗಿನಿಂದ ಗಾಳಿ ಹಾಕಿದರು. ಸವಿತ ಸುಮ್ಮನೆ ನೋಡಲಾರದೆ ಗ್ಲೂಕೋಸ್ ನೀರು ಕಲಸಿ ತಂದು ಮುಂದೆ ಹಿಡಿದಳು. ಇದನ್ನ ಕುಡೀರಿ ಸಾರ್, ಪರೀಕ್ಷೆ ನಾಳೆ ಮಾಡಣ ಅಂದಳು. ಮೇಷ್ಟ್ರು ಲೋಟ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು. ಸಕ್ಕರೆ ಇಳಿದು ಬಿದ್ದು ಸಾಯುವ ಭಯ ಅವರಿಗಿರಲಿಲ್ಲ, ಅವಳ ಭಯ ಇತ್ತು. ಇನ್ನೊಬ್ಬ ಟೆಕ್ನಿಷಿಯನ್ ಬಂದು ರಕ್ತ ತೆಗೆಯುವ ಹೊತ್ತಿಗೆ ಅವರನ್ನು ಇಬ್ಬರು ಹಿಡಿದು ಕೂರಿಸಬೇಕಾಯಿತು.

ಅವರು ಹೋದ ಮೇಲೆ ನಾನು ಸವಿತಳನ್ನು ಹೊರಗೆ ಹೋಟೆಲಿಗೆ ಕರೆದುಕೊಂಡು ಹೋದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡು ಇಡ್ಲಿ ತಿಂದು ಇನ್ನೆರಡು ತರಿಸಿಕೊಂಡಳು. ಆ ಮೇಷ್ಟ್ರಿಗೆ ಮಾನ ಮರ್ಯಾದೆ ಇಲ್ಲ ಅಂತ ನಾನು ಒಂದೇ ಸಮನೆ ಬೈಯುತ್ತಿದ್ದೆ. ಅವಳು ಕೈ ಅಡ್ಡ ಹಿಡಿದಳು.

"ಬಿಡು ಚಿಕ್ಕಮ್ಮ. ಕಾಲು ಹೆಂಗೆ ಎಳ್ಕೋತಿದ್ರು ನೋಡಿದ್ಯಾ? ಇಷ್ಟು ದಿನ ಇಂಥೋರಿಗೆ ನಾನು ಹೆದರ್ತಿದ್ದೆ. ಇವರೆಲ್ಲ ನಂಗೇ ಹೆದರ್ಕೊಂಡು ಸಾಯ್ತಿದ್ದಾರೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲ."

ನನ್ನ ಎದುರಿಗೇ ಫೋನು ತೆಗೆದು ಶೇಷಣ್ಣನಿಗೆ ಮಾಡಿದಳು. ಮುರುಗಮಲ್ಲಕ್ಕೆ ಬರುವುದಿಲ್ಲ, ಯಾವ ಕೆರೆಗೂ ಯಾವ ಪಾರ್ಕಿಗೂ ಇನ್ನು ಬರುವುದಿಲ್ಲ ಅಂದಳು. ನೋಡಬೇಕಾದವರು ಮನೆಯ ಬಾಗಿಲಿಗೆ ಬಂದು, ಸವಿತಳನ್ನು ನೋಡಲು ಬಂದಿದ್ದೀವಿ ಅಂತ ಬಾಯಿ ಬಿಟ್ಟು ಹೇಳಬೇಕು. ನಕ್ಷತ್ರ ಮೊದಲೇ ಹೇಳಿಬಿಡಿ, ಅಪ್ಪ ಇದ್ದವರಿಗೂ ಹೇಳಿ ಅಂದಳು. ಆ ಕಡೆಯಿಂದ ಶೇಷಣ್ಣ, ಅಲಾ ಅಂಟೇ ಎಟ್ಲಮ್ಮ, ಹಂಗಂದ್ರೆ ಹೆಂಗಮ್ಮ, ಒಬ್ಬರೂ ಬರಲ್ಲ ಅಂತ ಗೋಗರೆಯುವುದು ನನಗೂ ಕೇಳಿಸಿತು.

"ಬರ್ದೇ ಇರ್ಲಿ ಬಿಡಿ ಶೇಷಣ್ಣ. ಹೆದರುಪುಕ್ಕಲರ ಮನೆಗೆ ಹೋಗಿ ನಾನೇನು ಮಾಡ್ಲಿ?"

ಫೋನು ಇಟ್ಟು, ಕೈ ತೊಳೆದು, ಹೊತ್ತಾಯಿತು ಚಿಕ್ಕಮ್ಮ ಅಂತ ಎದ್ದಳು. ನಾನೂ ಲ್ಯಾಬಿನ ಬಾಗಿಲ ತನಕ ಜೊತೆಗೆ ಹೋದೆ. ಬೆಂಚಿನ ತುಂಬ ಜನ ಕಾಯುತ್ತಿದ್ದರು, ಇನ್ನೊಬ್ಬ ಟೆಕ್ನಿಷಿಯನ್ ಕೆಲಸವಿಲ್ಲದೆ ಒಳಗೆ ಪೇಪರ್ ಓದುತ್ತಿದ್ದ. ಸವಿತಳನ್ನು ಕಂಡದ್ದೇ ಅವರೆಲ್ಲ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಎದ್ದು ನಿಂತರು, ನಂದು ಮೊದಲು, ನಂದು ಮೊದಲು ಅಂತ.